ಬೊಮ್ಮಾಯಿ ಗೆದ್ದರು, ಸರ್ಕಾರ ಬರಲಿಲ್ಲ: ನ್ಯಾಯಾಧೀಶರ ರಾಜಕೀಯದ ಬಗ್ಗೆ ಒಂದಿಷ್ಟು ಮಾತು

(ವಿಡಿಯೋ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ವಾಕ್ಯಗಳನ್ನು ಸರಿಪಡಿಸಲಾಗಿದೆ.)

 

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಎಂಟೆಕ್ ಮಾಡಿ, ಪುಣೆಯ ಹಿಂಜವಾಡಿಯಲ್ಲಿ ಕೋಡ್ ಬರೆದುಕೊಂಡಿರುವ ಧಾರವಾಡ ಕಡೆಯವನು. ಆದರೆ ನಮ್ಮ ಕೆಲಸದಲ್ಲಿ ಒಂದು ಒಳ್ಳೆ ಅಭ್ಯಾಸ ಇದೆ. ಸಿಸ್ಟಮ್ ಕೆಟ್ಟು ನಿಂತಾಗ ಯಾರನ್ನು ಬೈಯೋದು ಅಂತ ಯೋಚಿಸುವ ಮೊದಲು ಲಾಗ್ ತೆಗೆದು, ಎಷ್ಟು ಗಂಟೆಗೆ ಏನಾಯ್ತು, ಯಾರು ಏನು ಮಾಡಿದರು ಅಂತ ಸಾಲಾಗಿ ನೋಡ್ತೀವಿ. ಇವತ್ತು ಒಂದು ಕೋರ್ಟ್ ಕೇಸನ್ನು ಹಾಗೇ ನೋಡೋಣ.

ವಿಷಯ ಇಷ್ಟು: ಪ್ರಜಾಪ್ರಭುತ್ವದಲ್ಲಿ ನ್ಯಾಯಾಧೀಶರಿಗೆ ರಾಜಕೀಯ ಪಾತ್ರ ಇದೆಯಾ? ಇದ್ದರೆ ಎಷ್ಟು ದೂರದವರೆಗೆ?

"ಜಡ್ಜ್‌ಗಳು ರಾಜಕೀಯ ಮಾಡಬಾರದು"

ಈ ಮಾತನ್ನು ನಾವೆಲ್ಲ ಕೇಳಿದ್ದೀವಿ. ಆಫೀಸ್ ಕ್ಯಾಂಟೀನಲ್ಲಿ, ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ, ಮಾವನವರ ಜೊತೆ ಟಿವಿ ನೋಡುವಾಗ. ತೀರ್ಪು ನಮಗೆ ಹಿಡಿಸಿದರೆ "ನ್ಯಾಯ ಗೆದ್ದಿತು" ಅಂತೀವಿ. ಹಿಡಿಸದಿದ್ದರೆ "ಜಡ್ಜ್‌ಗಳು ರಾಜಕೀಯಕ್ಕೆ ಇಳಿದರು" ಅಂತೀವಿ.

ಇಲ್ಲಿ ಎರಡು ಬೇರೆ ಬೇರೆ ಸಂಗತಿ ಒಂದೇ ಪದದಲ್ಲಿ ಸೇರಿಕೊಂಡಿವೆ. ಒಂದು ಪಕ್ಷ ರಾಜಕಾರಣ. ನ್ಯಾಯಾಧೀಶರು ಒಂದು ಪಕ್ಷಕ್ಕೆ ಲಾಭ ಆಗಲಿ ಅಂತ ತೀರ್ಪು ಕೊಟ್ಟರೆ ಅದು ತಪ್ಪು, ಅದರಲ್ಲಿ ಚರ್ಚೆಯೇ ಇಲ್ಲ. ಇನ್ನೊಂದು ರಾಜಕೀಯ ಪಾತ್ರ. ಯಾವ ಸರ್ಕಾರ ಇರಬೇಕು, ಯಾವುದು ಹೋಗಬೇಕು ಅನ್ನೋ ಜಗಳ ಕೋರ್ಟಿನ ಬಾಗಿಲಿಗೆ ಬಂದಾಗ ನ್ಯಾಯಾಧೀಶರು ಏನು ಹೇಳಿದರೂ ಅದಕ್ಕೆ ರಾಜಕೀಯ ಫಲ ಇದ್ದೇ ಇರುತ್ತೆ. "ನಾವು ಇದರಲ್ಲಿ ಕೈ ಹಾಕಲ್ಲ" ಅಂದರೂ ಸಹ. ಯಾಕಂದರೆ ಕೈ ಹಾಕದೇ ಇದ್ದರೆ ಆ ಹೊತ್ತಿಗೆ ಯಾರ ಕೈಯಲ್ಲಿ ಬಲ ಇದೆಯೋ ಅವರೇ ಗೆಲ್ತಾರೆ.

ಎರಡೂ ಒಂದೇ ಅಲ್ಲ ಅನ್ನೋದಕ್ಕೆ ನಮ್ಮ ಕಡೆಯ ಒಬ್ಬರ ಉದಾಹರಣೆ ಇದೆ. ಕೆ.ಎಸ್. ಹೆಗ್ಡೆ, ಕಾರ್ಕಳ ಸೀಮೆಯವರು. ಮೊದಲು ಕಾಂಗ್ರೆಸ್ಸಿನಿಂದ ರಾಜ್ಯಸಭಾ ಸದಸ್ಯ, ಆಮೇಲೆ ಹೈಕೋರ್ಟ್ ನ್ಯಾಯಾಧೀಶ, ಆಮೇಲೆ ಸುಪ್ರೀಂ ಕೋರ್ಟ್. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಕೇಸಿನ ತೀರ್ಪು ಬಂತು. ಸಂಸತ್ತು ಸಂವಿಧಾನ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ ಅಂತ. ಕಾಂಗ್ರೆಸ್ ಸರ್ಕಾರಕ್ಕೆ ಬೇಡವಾದ ತೀರ್ಪು ಅದು, ಹೆಗ್ಡೆಯವರು ಅದರ ಬಹುಮತದ ಕಡೆ ಇದ್ದರು. ಬೆನ್ನಿಗೇ ಅವರನ್ನೂ ಸೇರಿಸಿ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಹಾಗಾಗಿ ಒಬ್ಬ ನ್ಯಾಯಾಧೀಶರು ಎಲ್ಲಿಂದ ಬಂದರು ಅನ್ನೋದಷ್ಟೇ ನೋಡಿದರೆ ಅವರ ತೀರ್ಪು ಅರ್ಥ ಆಗಲ್ಲ. ತೀರ್ಪು ಏನು ಮಾಡ್ತು ಅನ್ನೋದನ್ನೂ ನೋಡಬೇಕು.

1989ರ ಏಪ್ರಿಲ್: ನಾಲ್ಕೈದು ದಿನದ ಲಾಗ್

ಈಗ ಮುಖ್ಯ ಕೇಸಿಗೆ ಬರ್ತೀನಿ. ಎಸ್.ಆರ್. ಬೊಮ್ಮಾಯಿ ವಿರುದ್ಧ ಭಾರತ ಸರ್ಕಾರ.

ಬೊಮ್ಮಾಯಿಯವರು ಹುಬ್ಬಳ್ಳಿಯ ವಕೀಲರು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಆದರು. ಜನತಾ ಪಕ್ಷ, ಆಮೇಲೆ ಜನತಾದಳ. ಒಳಗೆ ಗುಂಪುಗಾರಿಕೆ ಇತ್ತು, ಅದನ್ನು ಮುಚ್ಚಿಡೋದೇನಿಲ್ಲ. 1989ರ ಏಪ್ರಿಲ್ 15ಕ್ಕೆ ಸಂಪುಟ ವಿಸ್ತರಣೆ ಆಯ್ತು. ಮಂತ್ರಿಗಿರಿ ಹಂಚಿದ ಮೇಲೆ ಏನಾಗುತ್ತೆ ಅಂತ ನಿಮಗೇ ಗೊತ್ತಲ್ಲ.

ಏಪ್ರಿಲ್ 17. ಒಬ್ಬ ಶಾಸಕರು ಪಕ್ಷ ಬಿಟ್ಟು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಹತ್ತಿರ ಹೋದರು. ಕೈಯಲ್ಲಿ 19 ಪತ್ರ. ಇಷ್ಟು ಶಾಸಕರು ಬೆಂಬಲ ವಾಪಸ್ ತಗೊಂಡಿದ್ದಾರೆ ಅಂತ.

ಏಪ್ರಿಲ್ 19. ಬಹುಮತ ಹೋಗಿದೆ, ಕ್ರಮ ತಗೊಳ್ಳಿ ಅಂತ ರಾಜ್ಯಪಾಲರಿಂದ ರಾಷ್ಟ್ರಪತಿಗೆ ವರದಿ.

ಏಪ್ರಿಲ್ 20. ಆ 19 ಜನರಲ್ಲಿ 7 ಜನ ರಾಜ್ಯಪಾಲರಿಗೆ ಬೇರೆ ಪತ್ರ ಬರೆದರು. ನಮಗೆ ಬೇರೇನೋ ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೀವಿ ಅಂತ. ಅದೇ ದಿನ ಸಂಪುಟ ಸಭೆ ಸೇರಿ ಏಪ್ರಿಲ್ 27ಕ್ಕೆ ಅಧಿವೇಶನ ಕರೆಯಲು ತೀರ್ಮಾನ ಮಾಡಿತು. ಬೊಮ್ಮಾಯಿ ಕಾನೂನು ಮಂತ್ರಿಯನ್ನು ಕರಕೊಂಡು ರಾಜಭವನಕ್ಕೆ ಹೋದರು. ಸದನದಲ್ಲೇ ಬಹುಮತ ತೋರಿಸ್ತೀನಿ, ಬೇಕಾದರೆ ಅಧಿವೇಶನವನ್ನು ಇನ್ನೂ ಮುಂಚೆಯೇ ಕರೀತೀನಿ ಅಂದರು. ರಾಷ್ಟ್ರಪತಿಗೂ ಇದನ್ನೇ ಟೆಲೆಕ್ಸ್ ಮಾಡಿದರು. ಆದರೂ ಅದೇ ದಿನ ರಾಜ್ಯಪಾಲರ ಇನ್ನೊಂದು ವರದಿ ಹೋಯ್ತು, ಮೊದಲಿನ ಮಾತೇ.

ಏಪ್ರಿಲ್ 21. 356ನೇ ವಿಧಿಯ ಕೆಳಗೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ.

ಈ ಲಾಗ್ ನೋಡಿ. ಬೊಮ್ಮಾಯಿಗೆ ನಿಜವಾಗಿ ಬಹುಮತ ಇತ್ತಾ? ಇವತ್ತಿಗೂ ಯಾರೂ ಖಚಿತವಾಗಿ ಹೇಳೋಕೆ ಆಗಲ್ಲ, ಯಾಕಂದರೆ ಎಣಿಸಲೇ ಇಲ್ಲ. ಎಣಿಸೋಕೆ ಒಂದು ಜಾಗ ಇತ್ತು, ವಿಧಾನಸೌಧದಲ್ಲೇ, ರಾಜಭವನದಿಂದ ಕೂಗಳತೆಯಲ್ಲಿ. ಅಲ್ಲಿಗೆ ಹೋಗದೆ ಒಂದು ಕೋಣೆಯೊಳಗೆ ಪತ್ರ ನೋಡಿ ಲೆಕ್ಕ ಮುಗಿಸಿದರು.

ಬೊಮ್ಮಾಯಿ ಕರ್ನಾಟಕ ಹೈಕೋರ್ಟಿಗೆ ಹೋದರು. ಮೂವರು ನ್ಯಾಯಾಧೀಶರ ಪೀಠ ಅರ್ಜಿ ವಜಾ ಮಾಡಿತು, ಸದನದಲ್ಲಿ ಬಲಾಬಲ ನೋಡಲೇಬೇಕು ಅನ್ನೋ ಕಡ್ಡಾಯ ಏನೂ ಇಲ್ಲ ಅಂತ. ಅಲ್ಲಿಂದ ಸುಪ್ರೀಂ ಕೋರ್ಟಿಗೆ.

ಕೈ ಕಟ್ಟಿ ಕೂತಿದ್ದೂ ಒಂದು ರಾಜಕೀಯ

ಹೈಕೋರ್ಟ್ ಹೇಳಿದ್ದು ವಿಚಿತ್ರ ಏನಲ್ಲ, ಆವರೆಗೆ ವಾಡಿಕೆ ಹಾಗೇ ಇತ್ತು. 356 ಬಳಕೆಗೇ ಬಾರದೆ ಪುಸ್ತಕದಲ್ಲೇ ಉಳಿಯಲಿ ಅಂತ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಸೆ ಪಟ್ಟಿದ್ದರು. ಬೊಮ್ಮಾಯಿ ತೀರ್ಪಿನ ಹೊತ್ತಿಗೆ ಅದನ್ನು 90ಕ್ಕೂ ಹೆಚ್ಚು ಸಲ ಬಳಸಿ ಆಗಿತ್ತು.

ಒಂದೇ ಪಕ್ಷ ಮಾಡಿದ್ದಲ್ಲ ಇದು. 1977ರಲ್ಲಿ ದೆಹಲಿಯಲ್ಲಿ ಜನತಾ ಸರ್ಕಾರ ಬಂದಾಗ, ಲೋಕಸಭೆಯಲ್ಲಿ ಕಾಂಗ್ರೆಸ್ ಸೋತಿದೆ ಅನ್ನೋ ಕಾರಣಕ್ಕೆ ಒಂಬತ್ತು ಕಾಂಗ್ರೆಸ್ ರಾಜ್ಯಗಳ ಸರ್ಕಾರ ಕಿತ್ತುಹಾಕಿದರು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಕೋರ್ಟು ಮಧ್ಯೆ ಬರಲಿಲ್ಲ. 1980ರಲ್ಲಿ ಇಂದಿರಾ ಗಾಂಧಿ ವಾಪಸ್ ಬಂದರು. ಅವರೂ ಒಂಬತ್ತು ರಾಜ್ಯಗಳಲ್ಲಿ ಅದನ್ನೇ ಮಾಡಿದರು. ಲೆಕ್ಕ ಚುಕ್ತಾ.

"ಕೋರ್ಟು ರಾಜಕೀಯದಿಂದ ದೂರ ಇರಲಿ" ಅನ್ನುವವರಿಗೆ ನಾನು ಈ 1977 ಮತ್ತು 1980 ಎರಡನ್ನೂ ತೋರಿಸ್ತೀನಿ. ಕೋರ್ಟು ದೂರ ಇತ್ತು. ಅದರಿಂದ ರಾಜಕೀಯವೇನೂ ಸ್ವಚ್ಛ ಆಗಲಿಲ್ಲ. ದೆಹಲಿಯಲ್ಲಿ ಯಾರಿದ್ದರೋ ಅವರಿಗೆ ರಾಜ್ಯಗಳನ್ನು ಉರುಳಿಸುವ ದಾರಿ ಸಲೀಸಾಯಿತು, ಅಷ್ಟೇ.

1994ರ ಮಾರ್ಚ್ 11

ಒಂಬತ್ತು ನ್ಯಾಯಾಧೀಶರ ಪೀಠ, ಆರು ಬೇರೆ ಬೇರೆ ತೀರ್ಪು. ಪೂರ್ತಿ ಒಮ್ಮತ ಇರಲಿಲ್ಲ. ಬಹುಮತದ ಮಾತನ್ನು ಸುಲಭ ಕನ್ನಡದಲ್ಲಿ ಹೇಳ್ತೀನಿ.

ಮೊದಲನೆಯದು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಅಂತ ಕೇಳಲ್ಲ, ಆದರೆ ಯಾವ ಆಧಾರದ ಮೇಲೆ ಈ ತೀರ್ಮಾನಕ್ಕೆ ಬಂದಿರಿ, ಕಾಗದ ತೋರಿಸಿ ಅಂತ ಕೇಳಬಹುದು.

ಎರಡನೆಯದು, ಸಂಸತ್ತಿನ ಎರಡೂ ಸದನ ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜನೆ ಮಾಡುವ ಹಾಗಿಲ್ಲ. ಅಮಾನತಿನಲ್ಲಿ ಇಡಬಹುದು ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ, ಡಿಲೀಟ್ ಒತ್ತುವ ಮುಂಚೆ ಬ್ಯಾಕಪ್ ಇರಲಿ. ಘೋಷಣೆ ತಪ್ಪು ಅಂತ ಆದರೆ ಹಳೇ ಸರ್ಕಾರವನ್ನು ಮತ್ತೆ ಕೂರಿಸೋಕೆ ದಾರಿ ಉಳಿದಿರಲಿ.

ಮೂರನೆಯದು, ನಾವೆಲ್ಲ ಕೇಳಿರುವ ಮಾತು. ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನ ಆಗಬೇಕು, ರಾಜ್ಯಪಾಲರ ಸ್ವಂತ ಅಂದಾಜಿನ ಮೇಲಲ್ಲ.

ಕರ್ನಾಟಕದ ವಜಾ ಸಂವಿಧಾನಬಾಹಿರ ಅಂತ ಆಯ್ತು. ಮೇಘಾಲಯ, ನಾಗಾಲ್ಯಾಂಡ್ ಕೂಡ.

ಇಲ್ಲಿ ನನಗೆ ಮುಖ್ಯ ಅನಿಸಿದ್ದು ಇದು. ಬೊಮ್ಮಾಯಿ ಒಳ್ಳೆ ಮುಖ್ಯಮಂತ್ರಿ ಅಂತ ಕೋರ್ಟು ಹೇಳಲಿಲ್ಲ. ಅವರಿಗೆ ಬಹುಮತ ಇತ್ತು ಅಂತಲೂ ಹೇಳಲಿಲ್ಲ. ಎಲ್ಲಿ ಎಣಿಸಬೇಕು ಅಂತ ಮಾತ್ರ ಹೇಳಿತು. ಮುಚ್ಚಿದ ಕೋಣೆಯಲ್ಲಿ ಆಗ್ತಿದ್ದ ತೀರ್ಮಾನವನ್ನು ಎತ್ತಿ, ಜನ ಆರಿಸಿ ಕಳಿಸಿದವರು ಕೂತಿರುವ, ನಾವು ನೀವು ನೋಡಬಹುದಾದ ಜಾಗದಲ್ಲಿ ಇಟ್ಟಿತು. ನ್ಯಾಯಾಧೀಶರ ರಾಜಕೀಯ ಪಾತ್ರ ಅಂದರೆ ನನ್ನ ಮಟ್ಟಿಗೆ ಇದೇ. ತೀರ್ಮಾನ ಅವರೇ ಮಾಡಬಾರದು, ಆದರೆ ಅದನ್ನು ಯಾರೂ ಕದಿಯದ ಹಾಗೆ ನೋಡಿಕೊಳ್ಳಬೇಕು.

ಇದರ ಫಲ ಕಣ್ಣಿಗೆ ಕಂಡಿತು. 1994ರ ನಂತರ ರಾಜ್ಯ ಸರ್ಕಾರಗಳನ್ನು ಹೀಗೆ ಕಿತ್ತುಹಾಕೋದು ಬಹಳ ಕಡಿಮೆ ಆಯ್ತು. 1997ರಲ್ಲಿ ಉತ್ತರಪ್ರದೇಶದ, 1998ರಲ್ಲಿ ಬಿಹಾರದ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಮರುಪರಿಶೀಲನೆಗೆ ವಾಪಸ್ ಕಳಿಸಿದರು. 2016ರಲ್ಲಿ ಉತ್ತರಾಖಂಡದಲ್ಲಿ ಕೋರ್ಟಿನ ಆದೇಶದ ಮೇಲೆ ಸದನದಲ್ಲಿ ಎಣಿಸಿದಾಗ ಹರೀಶ್ ರಾವತ್ ಗೆದ್ದು ಮತ್ತೆ ಕುರ್ಚಿಗೆ ಬಂದರು.

ಗೆದ್ದವನು ಸೋತ

ಆದರೆ ಬೊಮ್ಮಾಯಿಯವರಿಗೆ ಏನು ಸಿಕ್ಕಿತು?

ವಜಾ ಆಗಿದ್ದು 1989ರ ಏಪ್ರಿಲ್. ತೀರ್ಪು ಬಂದದ್ದು 1994ರ ಮಾರ್ಚ್. ಹತ್ತಿರಹತ್ತಿರ ಐದು ವರ್ಷ. ಆ ವಿಧಾನಸಭೆಯ ಕಥೆ ಯಾವತ್ತೋ ಮುಗಿದಿತ್ತು. 1989ರ ನವೆಂಬರ್‌ನಲ್ಲಿ ಚುನಾವಣೆ ಆಗಿ, ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ ದೊಡ್ಡ ಬಹುಮತದಿಂದ ಬಂದಿತ್ತು. ಹಾಗಾಗಿ ಕೋರ್ಟು, ವಜಾ ಮಾಡಿದ್ದು ತಪ್ಪು, ಆದರೆ ಈಗ ಕೊಡೋಕೆ ಪರಿಹಾರ ಏನೂ ಉಳಿದಿಲ್ಲ ಅಂತ ಬಿಟ್ಟಿತು.

ಕೋರ್ಟಿನ ಬಗ್ಗೆ ನಮ್ಮ ಹಿರಿಯರ ಮಾತೊಂದಿದೆ: ಗೆದ್ದವನು ಸೋತ, ಸೋತವನು ಸತ್ತ. ಬೊಮ್ಮಾಯಿ ಗೆದ್ದೂ ಸೋತರು. ಮುಂದೆ ಕೇಂದ್ರದಲ್ಲಿ ಮಂತ್ರಿಯಾದರು, ಆದರೆ ಆ ಏಪ್ರಿಲ್‌ನಲ್ಲಿ ಕಳಕೊಂಡದ್ದು ಮತ್ತೆ ಸಿಗಲಿಲ್ಲ. ಅವರ ಹೆಸರು ಮಾತ್ರ ದೇಶದ ಕಾನೂನಿನಲ್ಲಿ ಉಳಿಯಿತು.

ಅದಕ್ಕೆ ನಾನು ಹೇಳೋದು, ನ್ಯಾಯಾಧೀಶರ ಕೈಯಲ್ಲಿರುವ ದೊಡ್ಡ ರಾಜಕೀಯ ಶಕ್ತಿ ತೀರ್ಪಿನ ಸಾಲುಗಳಲ್ಲಿ ಇಲ್ಲ, ಕ್ಯಾಲೆಂಡರಿನಲ್ಲಿದೆ. ಯಾವ ಕೇಸು ಯಾವತ್ತು ಕೇಳ್ತಾರೆ ಅನ್ನೋದರಲ್ಲಿ.

ಐದು ವರ್ಷದಿಂದ ಮೂರು ದಿನಕ್ಕೆ

ಈಗ 2018ಕ್ಕೆ ಬನ್ನಿ. ಮೇ 15, ಕರ್ನಾಟಕದ ಫಲಿತಾಂಶ. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಯಾರಿಗೂ ಬಹುಮತ ಇಲ್ಲ. ಕಾಂಗ್ರೆಸ್, ಜೆಡಿಎಸ್ ಕೈ ಜೋಡಿಸಿದವು. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು, ಬಹುಮತ ತೋರಿಸೋಕೆ 15 ದಿನ ಕೊಟ್ಟರು.

16ರ ರಾತ್ರಿ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. ನ್ಯಾಯಮೂರ್ತಿಗಳಾದ ಸಿಕ್ರಿ, ಬೊಬ್ಡೆ, ಅಶೋಕ್ ಭೂಷಣ್ ಮಧ್ಯರಾತ್ರಿ ದಾಟಿದ ಮೇಲೆ ಕೂತು ಬೆಳಗಿನ ಜಾವದವರೆಗೆ ವಾದ ಕೇಳಿದರು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಆದರೆ 18ಕ್ಕೆ ಮತ್ತೆ ಕೂತು, ನಾಳೆ ಸಂಜೆ 4 ಗಂಟೆಗೆ ಸದನದಲ್ಲಿ ಎಣಿಸಿ, ಗುಪ್ತ ಮತದಾನ ಬೇಡ ಅಂದರು. ನೇರ ಪ್ರಸಾರವೂ ಆಯ್ತು. 19ರ ಸಂಜೆ ಯಡಿಯೂರಪ್ಪ ಮತಕ್ಕೆ ಹಾಕುವ ಮೊದಲೇ ಭಾಷಣ ಮಾಡಿ ರಾಜೀನಾಮೆ ಕೊಟ್ಟರು.

1989ರಲ್ಲೂ 2018ರಲ್ಲೂ ಪ್ರಶ್ನೆ ಒಂದೇ, ಬಹುಮತ ಯಾರಿಗಿದೆ? ಮೊದಲ ಸಲ ಉತ್ತರಕ್ಕೆ ಐದು ವರ್ಷ, ಎರಡನೇ ಸಲ ಮೂರು ದಿನ. ನಡುವೆ ಬೊಮ್ಮಾಯಿ ತೀರ್ಪು ಇತ್ತು, ಮತ್ತೆ ರಾತ್ರಿ ಎದ್ದು ಕೂರುವ ಮನಸ್ಸು ಮಾಡಿದ ಮೂವರು ನ್ಯಾಯಾಧೀಶರಿದ್ದರು.

ಮುಂದಿನ ವರ್ಷ ನಾವಿರುವ ಮಹಾರಾಷ್ಟ್ರದಲ್ಲೂ ಹೀಗೇ ಆಯ್ತು. 2019ರ ನವೆಂಬರ್ 23, ಜನ ಚಹಾ ಕುಡಿಯುವ ಮೊದಲೇ ಫಡ್ನವೀಸ್, ಅಜಿತ್ ಪವಾರ್ ಪ್ರಮಾಣವಚನ. ಭಾನುವಾರವೇ ಕೋರ್ಟು ಕೂತಿತು. 26ಕ್ಕೆ, ನಾಳೆಯೇ ಸದನದಲ್ಲಿ ಎಣಿಸಿ ಅಂತ ಆದೇಶ. ಅವತ್ತೇ ಇಬ್ಬರೂ ರಾಜೀನಾಮೆ. ಆಗ ನಮ್ಮ ಟೀಮಿನ ಮರಾಠಿ ಗೆಳೆಯ ಟಿವಿಯಲ್ಲಿ ಪದೇ ಪದೇ ಒಂದು ಹೆಸರು ಕೇಳಿ, "ಹೇ ಬೊಮ್ಮಈ ಕೋಣ?" ಅಂತ ನನ್ನನ್ನು ಕೇಳಿದ. ನಗಬೇಡಿ, ಮರಾಠಿಯಲ್ಲಿ ಕೋಣ ಅಂದರೆ ಯಾರು ಅಂತ. ನಮ್ಮ ಹುಬ್ಬಳ್ಳಿಯವರಪ್ಪ ಅಂತ ಶುರು ಮಾಡಿದವನು ಊಟದ ಸಮಯ ಪೂರ್ತಿ ಇದನ್ನೇ ಹೇಳಿದೆ.

ಎಲ್ಲ ಸರಿಯಾಗಿದೆ ಅಂತಲ್ಲ

ಇಷ್ಟು ಹೇಳಿ ನಿಲ್ಲಿಸಿದರೆ ಹೊಗಳಿಕೆ ಆಗುತ್ತೆ. ಇನ್ನೊಂದು ಮುಖವನ್ನೂ ನೋಡಬೇಕು.

1994ರ ಅದೇ ತೀರ್ಪು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ಬಿಜೆಪಿ ಸರ್ಕಾರಗಳ ವಜಾವನ್ನು ಎತ್ತಿ ಹಿಡಿಯಿತು. 1992ರ ಡಿಸೆಂಬರ್ 6ರ ನಂತರ ಅವನ್ನು ತೆಗೆದುಹಾಕಿದ್ದರು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪ, ಅದಕ್ಕೆ ವಿರುದ್ಧ ನಡೆಯುವ ಸರ್ಕಾರ ಉಳಿಯಲಾಗದು ಅಂತ. ತತ್ವ ನನಗೆ ಒಪ್ಪಿಗೆ. ಆದರೆ ಮಸೀದಿ ಬಿದ್ದದ್ದು ಉತ್ತರಪ್ರದೇಶದಲ್ಲಿ. ಉಳಿದ ಮೂರು ರಾಜ್ಯಗಳಲ್ಲಿ ಬಹುಮತ ಇದ್ದ ಸರ್ಕಾರಗಳನ್ನು ತೆಗೆಯೋಕೆ ಆಧಾರ ಸಾಕಷ್ಟಿತ್ತಾ ಅನ್ನೋ ಪ್ರಶ್ನೆಯನ್ನು ಬರೀ ಪಕ್ಷದವರ ತಕರಾರು ಅಂತ ತಳ್ಳಿಹಾಕೋಕೆ ನನಗೆ ಆಗಲ್ಲ. ಕರ್ನಾಟಕಕ್ಕೆ ಹಿಡಿದಷ್ಟೇ ಬಿಗಿಯಾದ ಅಳತೆಗೋಲನ್ನು ಅಲ್ಲಿಗೂ ಹಿಡಿಯಬೇಕಿತ್ತು ಅಂತ ನನಗೆ ಅನಿಸುತ್ತೆ.

ಇನ್ನೊಂದು, ಎಣಿಕೆ ಸದನಕ್ಕೆ ಬಂತು, ಆದರೆ ವ್ಯಾಪಾರ ರೆಸಾರ್ಟಿಗೆ ಹೋಯ್ತು. ಬಿಡದಿ ಹತ್ತಿರದ ರೆಸಾರ್ಟ್, ಮುಂಬೈ ಹೋಟೆಲ್, ಬಸ್ಸಿನಲ್ಲಿ ಕೂತ ಶಾಸಕರ ದೃಶ್ಯ, ಎಲ್ಲ ನೋಡಿದ್ದೀವಿ. 2019ರಲ್ಲಿ ಕರ್ನಾಟಕದ 17 ಶಾಸಕರನ್ನು ಸ್ಪೀಕರ್ ಅನರ್ಹ ಮಾಡಿದರು. ಸುಪ್ರೀಂ ಕೋರ್ಟ್ ನವೆಂಬರ್ 13ಕ್ಕೆ ಅನರ್ಹತೆ ಸರಿ ಅಂತು. ಆದರೆ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ನಿಲ್ಲಬಾರದು ಅನ್ನೋ ಭಾಗ ತೆಗೆದುಹಾಕಿತು. ಕಾನೂನಿನ ಅಕ್ಷರ ನೋಡಿದರೆ ಅದು ಸರಿ ಇರಬಹುದು. ಅವರಲ್ಲಿ ಹೆಚ್ಚಿನವರು ಡಿಸೆಂಬರ್ ಉಪಚುನಾವಣೆಗೆ ನಿಂತರು, ಬಹಳ ಜನ ಗೆದ್ದೂ ಬಂದರು. ಇಲ್ಲಿ ಬರೀ ಕೋರ್ಟನ್ನು ದೂರಿ ಪ್ರಯೋಜನ ಇಲ್ಲ. ಓಟು ಹಾಕಿದವರು ಜನ.

ಮೂರನೆಯದು ಸಮಯ, ಮತ್ತೆ. 2022ರ ಜೂನ್ 29ಕ್ಕೆ ಮಹಾರಾಷ್ಟ್ರದಲ್ಲಿ ಮರುದಿನದ ವಿಶ್ವಾಸಮತಕ್ಕೆ ತಡೆ ಕೊಡಿ ಅಂತ ಕೇಳಿದರು. ಸುಪ್ರೀಂ ಕೋರ್ಟ್ ಕೊಡಲಿಲ್ಲ. ಅವತ್ತು ರಾತ್ರಿ ಉದ್ಧವ್ ಠಾಕ್ರೆ ರಾಜೀನಾಮೆ ಕೊಟ್ಟರು. 2023ರ ಮೇ 11ಕ್ಕೆ ಐವರ ಪೀಠ, ರಾಜ್ಯಪಾಲರು ವಿಶ್ವಾಸಮತ ಕೇಳಿದ್ದೇ ಸರಿಯಲ್ಲ, ಆದರೆ ಠಾಕ್ರೆ ತಾವಾಗಿ ರಾಜೀನಾಮೆ ಕೊಟ್ಟದ್ದರಿಂದ ಹಳೇ ಸರ್ಕಾರ ತರಲಾಗದು ಅಂತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮೂವತ್ತು ವರ್ಷದ ನಂತರವೂ ಬೊಮ್ಮಾಯಿ ಕಥೆ ಮುಗಿದಿಲ್ಲ.

ನ್ಯಾಯಾಧೀಶರ ಸ್ವಂತ ಕೋಣೆ

ಕೊನೆಯದಾಗಿ ಒಂದು ಕಷ್ಟದ ಮಾತು. ಮುಚ್ಚಿದ ಕೋಣೆ ಬಿಟ್ಟು ಬಯಲಿಗೆ ಬನ್ನಿ ಅಂತ ರಾಜ್ಯಪಾಲರಿಗೆ ಹೇಳಿದ ಕೋರ್ಟು, ತನ್ನ ನ್ಯಾಯಾಧೀಶರನ್ನು ಹೇಗೆ ಆರಿಸುತ್ತೆ? 1993ರಿಂದ ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಾಧೀಶರೇ ಕೂತು ಆರಿಸೋದು. 2015ರಲ್ಲಿ ಸಂಸತ್ತು ತಂದ ನೇಮಕಾತಿ ಆಯೋಗವನ್ನು ಕೋರ್ಟು 4–1 ಬಹುಮತದಿಂದ ರದ್ದು ಮಾಡಿತು. ಸರ್ಕಾರದ ಕೈಗೆ ನೇಮಕಾತಿ ಕೊಟ್ಟರೆ 1973ರಲ್ಲಿ ಹೆಗ್ಡೆಯವರಿಗೆ ಆದದ್ದು ಮತ್ತೆ ಆಗಬಹುದು ಅನ್ನೋ ಭಯ ಸುಳ್ಳಲ್ಲ. ಆದರೆ ಕೊಲಿಜಿಯಂ ಕೋಣೆಯ ಬಾಗಿಲೂ ಮುಚ್ಚಿದ್ದೇ.

2017ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಹಿರಿಯ ನ್ಯಾಯಮೂರ್ತಿ ಜಯಂತ್ ಪಟೇಲ್ ಅವರನ್ನು ಅಲಹಾಬಾದಿಗೆ ವರ್ಗ ಮಾಡಿದರು. ಅವರು ರಾಜೀನಾಮೆ ಕೊಟ್ಟರು. ವರ್ಗಾವಣೆಯ ಕಾರಣ ಜನಕ್ಕೆ ಯಾರೂ ಹೇಳಲಿಲ್ಲ. ಬೆಂಗಳೂರಿನ ವಕೀಲರು ಪ್ರತಿಭಟನೆ ಮಾಡಿದರು. ಮುಂದಿನ ತಿಂಗಳಿಂದ ಕೊಲಿಜಿಯಂ ತನ್ನ ನಿರ್ಣಯಗಳನ್ನು ವೆಬ್‌ಸೈಟಿನಲ್ಲಿ ಹಾಕೋಕೆ ಶುರು ಮಾಡಿತು. ಒಳ್ಳೆ ಹೆಜ್ಜೆ, ಆದರೆ ಸಾಲದು. ಬೇರೆಯವರ ಲೆಕ್ಕ ಕೇಳುವವರು ತಮ್ಮ ಲೆಕ್ಕದ ಪುಸ್ತಕವನ್ನೂ ತೆರೆದಿಡಬೇಕು.

ಮುಂದಿನ ಸಲ ಟಿವಿ ನೋಡುವಾಗ

ನಮ್ಮಲ್ಲಿ ಎಷ್ಟೋ ಜನ ಚುನಾವಣೆಗೆ ರಾತ್ರಿ ಬಸ್ ಹಿಡಿದು ಊರಿಗೆ ಹೋಗಿ, ಓಟು ಹಾಕಿ, ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ವಾಪಸ್ ಬಂದಿರ್ತೀವಿ. ಆ ಓಟಿನ ಬೆಲೆ ಮತ ಎಣಿಕೆ ದಿನಕ್ಕೆ ಮುಗಿಯಲ್ಲ. ಐದು ವರ್ಷದ ನಡುವೆ ಯಾರಾದರೂ ಒಂದು ಕೋಣೆಯಲ್ಲಿ ಕೂತು ಅದನ್ನು ಅಳಿಸಬಹುದು. ಅದನ್ನು ತಡೆಯೋಕೆ ಇರುವ ಕೆಲವೇ ಜನರಲ್ಲಿ ನ್ಯಾಯಾಧೀಶರೂ ಇದ್ದಾರೆ.

ಹಾಗಾಗಿ ಮುಂದಿನ ಸಲ ಇಂಥ ತೀರ್ಪು ಬಂದಾಗ, ನಮ್ಮ ಪಕ್ಷ ಗೆದ್ದಿತಾ ಅಂತ ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಕೋರ್ಟು ತೀರ್ಮಾನವನ್ನು ತಾನೇ ಇಟ್ಟುಕೊಂಡಿತಾ, ಇಲ್ಲ ಜನಪ್ರತಿನಿಧಿಗಳ ಮುಂದೆ ಕಳಿಸಿತಾ? ಉಪಯೋಗ ಆಗುವ ಸಮಯಕ್ಕೆ ಬಂತಾ? ಎದುರು ಪಕ್ಷದ ಸರ್ಕಾರ ಇದ್ದಿದ್ದರೂ ಇದೇ ಅಳತೆಗೋಲು ಹಿಡೀತಿದ್ದರಾ?

ಮೂರಕ್ಕೂ ಸರಿ ಉತ್ತರ ಸಿಕ್ಕರೆ, ಆ ತೀರ್ಪಿನಿಂದ ನಿಮ್ಮ ಪಕ್ಷ ಸೋತಿದ್ದರೂ ನಿಮ್ಮ ಓಟು ಉಳಿದಿದೆ ಅಂತ ತಿಳಕೊಳ್ಳಿ.